ಡಬ್ಬಿ ನಮ್ಮ ಹತ್ತಿರ ಇದೆ

ಅಕ್ಕನ ಮನೆಯ ಅಡುಗೆಕೋಣೆಯಲ್ಲಿ, ಉಪ್ಪಿನ ಜಾಡಿಯ ಪಕ್ಕದ ಗೂಡಿನಲ್ಲಿ, ಒಂದು ಸ್ಟೀಲ್ ಡಬ್ಬಿ ಇದೆ. ಅದು ಅಕ್ಕನದಲ್ಲ. ಮುಚ್ಚಳದ ಮೇಲೆ ತಮಿಳಿನಲ್ಲಿ ಯಾರದೋ ಹೆಸರು ಕೊರೆದಿದೆ. ಯಾವುದೋ ಮದುವೆಯಲ್ಲಿ ಬಂದ ಮುಯ್ಯಿ ಇರಬೇಕು. ಹೊನ್ನೂರಿಗೆ ಹೋದಾಗಲೆಲ್ಲ ನನ್ನ ಕಣ್ಣು ಅದರ ಮೇಲೆ ಬೀಳುತ್ತದೆ, ಬಿದ್ದ ಕೂಡಲೇ ತಲೆಯೊಳಗೆ ಇಂಗ್ಲಿಷ್ ಶುರುವಾಗುತ್ತದೆ. ಡಬ್ಬಿಗೂ ಇಂಗ್ಲಿಷಿಗೂ ಏನು ಸಂಬಂಧ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನಗೂ ಪೂರ್ತಿ ಗೊತ್ತಿಲ್ಲ. ಗೊತ್ತಿದ್ದಷ್ಟು ಹೇಳುತ್ತೇನೆ. ಅದರಲ್ಲೂ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂಬುದಕ್ಕೆ ಜಾಮೀನು ಕೊಡಲಾರೆ.

ಮೊದಲು ನನ್ನ ಯೋಗ್ಯತೆ. ನಾನು ಮೈಸೂರಿನಲ್ಲಿ ತತ್ವಶಾಸ್ತ್ರ ಓದಿದವನು. ಅಲ್ಲಿ ಕಲಿತದ್ದೆಲ್ಲ ಈಗ ಮರೆತುಹೋಗಿದೆ, ಅನುಮಾನ ಪಡುವ ಅಭ್ಯಾಸ ಒಂದು ಉಳಿದಿದೆ. ಒಂದೆರಡು ಕಾಲೇಜುಗಳಲ್ಲಿ ಪಾಠ ಮಾಡಿದೆ, ಎಲ್ಲಿಯೂ ನಿಲ್ಲಲಿಲ್ಲ. ಈಗ ಕೊಳ್ಳೇಗಾಲದಲ್ಲಿ ಒಂದು ಮಹಡಿಯ ಮೇಲೆ ಪರೀಕ್ಷೆ ಕಟ್ಟುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಹಾಗಾಗಿ ನೆಂಟರಿಷ್ಟರಲ್ಲಿ ಯಾರಿಗೆ ಇಂಗ್ಲಿಷಿನಲ್ಲಿ ಏನು ಬಂದರೂ ಅದು ನನ್ನ ಹತ್ತಿರ ಬರುತ್ತದೆ. ಮಾತ್ರೆಯ ಚೀಟಿ, ಬ್ಯಾಂಕಿನವರ ಸಂದೇಶ, ಮಿಕ್ಸಿಯ ಜೊತೆ ಬಂದ ಪುಸ್ತಕ. ಮಾತ್ರೆ ಊಟದ ಮೊದಲೋ ನಂತರವೋ ಎಂದು ನಾನು ಖಚಿತವಾಗಿ ಹೇಳದಿರುವುದರಿಂದ ಅವರು ಮತ್ತೆ ಔಷಧಿ ಅಂಗಡಿಗೇ ಹೋಗಿ ಕೇಳುತ್ತಾರೆ. ಆದರೂ ಮೊದಲು ನನಗೆ ತೋರಿಸುತ್ತಾರೆ. ಅದೊಂದು ಮರ್ಯಾದೆ.

ಅಕ್ಕ, ಗೌರಮ್ಮಣ್ಣಿ, ಯಳಂದೂರು ತಾಲ್ಲೂಕಿನ ಹೊನ್ನೂರಿಗೆ ಮದುವೆಯಾಗಿ ಹೋದವಳು. ಅವಳ ಅತ್ತೆಯ ಕಾಲದಿಂದ ಅವರದೊಂದು ಆಲೆಮನೆ ಇದೆ. ಸುತ್ತಮುತ್ತಲಿನವರು ಕಬ್ಬನ್ನು ಫ್ಯಾಕ್ಟರಿಗೆ ಕಳಿಸಿ ಕೈತೊಳೆದುಕೊಳ್ಳುವಾಗ ಅವಳು ಮಾತ್ರ ಗಾಣಕ್ಕೆ ಕೊಟ್ಟು, ಹಾಲು ಹಿಂಡಿಸಿ, ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡಿಸುತ್ತಾಳೆ. ಬಣ್ಣಕ್ಕೆಂದು ಏನನ್ನೂ ಹಾಕಿಸುವುದಿಲ್ಲ. ಆದ್ದರಿಂದ ಅವಳ ಬೆಲ್ಲ ಕಪ್ಪಗಿರುತ್ತದೆ. ಅಂಗಡಿಯವರಿಗೆ ಹಳದಿ ಬೆಲ್ಲ ಬೇಕು. ಕಪ್ಪು ಬೆಲ್ಲವನ್ನು ಅವರು ಮುಟ್ಟಿ, ಮೂಸಿ, ಚೆನ್ನಾಗಿದೆ ಎಂದು ಹೇಳಿ, ಹಳದಿಯದನ್ನು ಕೊಳ್ಳುತ್ತಾರೆ. ಹೋದ ವರ್ಷ ಭಾವ ಬೇಸತ್ತು, ಗಾಣವನ್ನು ಮಾರಿಬಿಡೋಣವೆಂದು ಮುಳ್ಳೂರಿನವರೊಬ್ಬರ ಹತ್ತಿರ ಮಾತಾಡಿ ಬಂದರು. ಮುಳ್ಳೂರಿನವರು ಈ ಸೋಮವಾರ ಟ್ರ್ಯಾಕ್ಟರ್ ತರುತ್ತೇವೆ ಎನ್ನುವರು, ಆಗದೆ ಮುಂದಿನ ಸೋಮವಾರಕ್ಕೆ ಹಾಕುವರು. ಅಕ್ಕ ಬೇಡ ಎನ್ನಲಿಲ್ಲ. ಗಾಣದ ಮೇಲೆ ತನ್ನದೊಂದು ಹಳೆಯ ಸೀರೆ ಹೊದಿಸಿ ಬಂದಳು. ಮಲಗಿರುವವರಿಗೆ ಹೊದಿಸಿದ ಹಾಗಿತ್ತು.

ಇಂಥ ಹೊತ್ತಿನಲ್ಲಿ ನನಗೊಂದು ಮೇಲ್ ಬಂತು. ಲೊಕ್ಕನಹಳ್ಳಿಯಲ್ಲಿರುವ ನಮ್ಮ ಸೋದರಮಾವ ಅಕ್ಕನ ಬೆಲ್ಲವನ್ನು ಘಟ್ಟದಾಚೆಯ ನೆಂಟರಿಗೆ ಕೊಟ್ಟಿದ್ದರಂತೆ. ಅದು ಕೈಯಿಂದ ಕೈಗೆ ಹೋಗಿ, ತಮಿಳುನಾಡಿನ ಒಂದು ಸಣ್ಣ ಕಂಪನಿಯವರ ಬಾಯಿಗೆ ಬಿದ್ದಿದೆ. ಅವರಿಗೆ ಬೇಕಾದದ್ದೇ ಕಪ್ಪು ಬೆಲ್ಲ. ಮಾವ ಅವರಿಗೆ ನನ್ನ ಮೇಲ್ ವಿಳಾಸ ಕೊಟ್ಟಿದ್ದರು. ಮೇಲ್‌ನ ಕೆಳಗೆ ಪೂಂಗೊಡಿ ಎಂಬ ಹೆಸರಿತ್ತು. ನಿಮ್ಮಲ್ಲಾಗುವ ಬೆಲ್ಲವನ್ನೆಲ್ಲ ನಾವೇ ಕೊಳ್ಳುವ ಯೋಚನೆಯಿದೆ ಎಂದು ಚೊಕ್ಕವಾದ ಇಂಗ್ಲಿಷಿನಲ್ಲಿ ಬರೆದು, ಕೊನೆಗೆ, ದಯವಿಟ್ಟು ಈ ಬಿಸಿನೆಸ್ ಅಪಾರ್ಚುನಿಟಿಯನ್ನು ಇವ್ಯಾಲ್ಯುಯೇಟ್ ಮಾಡಿ ತಿಳಿಸಿ ಎಂದಿದ್ದರು.

ನಾನು ಹೊನ್ನೂರಿಗೆ ಹೋಗಿ ಓದಿ ಹೇಳಿದೆ. ಅಕ್ಕ ಮೊರದಲ್ಲಿ ಹುರುಳಿ ಕೇರುತ್ತಿದ್ದವಳು ನಿಲ್ಲಿಸಿದಳು.

"ಅದೇನು ಮಾಡ್ಬೇಕಂತೆ ನಾವು?"

"ಮೌಲ್ಯಮಾಪನ ಮಾಡ್ಬೇಕಂತೆ."

"ಪರೀಕ್ಸೆ ಪೇಪರ್ ತಿದ್ತಾರಲ್ಲ, ಅದಾ?"

ಅದೇ ಎಂದೆ. ನಾನೂ ಎಷ್ಟೋ ಬೇಸಿಗೆಗಳಲ್ಲಿ ಆ ಕೆಲಸಕ್ಕೆ ಹೋಗಿದ್ದೇನೆ. ಅಕ್ಕ ಮತ್ತೆ ಕೇರತೊಡಗಿದಳು. ಕಂಡಿಲ್ಲ, ಕೇಳಿಲ್ಲ, ಬೇರೆಯವರ ಮಗಳ ಪೇಪರ್ ತಿದ್ದಲು ನಾವ್ಯಾರು ಎಂದಳು. ಆದರೆ ಅವಳ ಕೈ ಸರಿಯಾಗಿ ಕೇರುತ್ತಿರಲಿಲ್ಲ. ಕಾಳೇ ನೆಲಕ್ಕೆ ಬೀಳುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, ಗಾಣದ ಕಡೆ ನೋಡದೆ ಹೇಳಿದಳು: "ಕೆಡಿಸ್ಬೇಡ ಕಣ್ಲಾ. ಒಳ್ಳೇ ಇಂಗ್ಲೀಸ್ನಲ್ಲಿ ಬರಿ. ಅವ್ರು ಬೇರೆ ಕಡೀಕ್ ಓಗ್ಬಾರ್ದು. ಅಂಗಂತ ನಾವು ಕಾಲಿಗ್ ಬಿದ್ದಂಗೂ ಇರ್ಬಾರ್ದು."

ನನ್ನ ಬಾಳಿನಲ್ಲಿ ಇಂಗ್ಲಿಷಿನ ಮೇಲೆ ಇಷ್ಟು ಭಾರ ಯಾವತ್ತೂ ಬಿದ್ದಿರಲಿಲ್ಲ.

ಕೊಳ್ಳೇಗಾಲಕ್ಕೆ ಮರಳಿ ಮಹಡಿಯ ಮೇಲೆ ಕೂತೆ. ನಿಮ್ಮ ಮಾತನ್ನು ನಾವು ಯೋಚಿಸುತ್ತಿದ್ದೇವೆ ಎಂದು ಹೇಳಬೇಕು, ಅಷ್ಟೇ. ಆದರೆ ಇಂಗ್ಲಿಷಿನವರು ಅದನ್ನು ಸಹಜವಾಗಿ ಹೇಗೆ ಹೇಳುತ್ತಾರೆ? ಕನ್ಸಿಡರ್ ಎಂದು ಬರೆದೆ. ಬರೆದ ತಕ್ಷಣ ಹೈಸ್ಕೂಲಿನ ರಜಾ ಅರ್ಜಿ ಕಣ್ಣೆದುರು ಬಂತು. ಕೈಂಡ್ಲಿ ಕನ್ಸಿಡರ್ ಎಂದು ಬೇಡಿಕೊಳ್ಳುವುದು. ಹೊಡೆದುಹಾಕಿದೆ. ಅಸೆಸ್ ಎಂದರೆ ಪಂಚಾಯಿತಿಯವರು ಮನೆ ಕಂದಾಯಕ್ಕೆ ಟೇಪು ಹಿಡಿದು ಬಂದ ಹಾಗೆ. ಲುಕಿಂಗ್ ಇನ್‌ಟು ಎಂದರೆ ಪೊಲೀಸರು ತನಿಖೆಗೆ ಕೂತ ಹಾಗೆ. ಎಕ್ಸ್‌ಪ್ಲೋರ್ ಎಂದರೆ ಬೆಟ್ಟದ ಮೇಲೆ ಜೀಪಿನಲ್ಲಿ ಆನೆ ನೋಡಲು ಹೊರಟವರು. ವೇಯಿಂಗ್ ಎನ್ನೋಣವೆಂದರೆ ತಕ್ಕಡಿ ಕಣ್ಣಿಗೆ ಬರುತ್ತದೆ, ಬೆಲ್ಲದ ವಿಷಯದಲ್ಲಿ ತಕ್ಕಡಿ ಎತ್ತಿದರೆ ಆಗಲೇ ವ್ಯಾಪಾರ ಕುದುರಿತು ಎಂದುಕೊಂಡಾರು. ಫೋನನ್ನು ಕೇಳಿದೆ. ಅದು ಇನ್ನಷ್ಟು ಪದಗಳನ್ನು ಸುರಿಯಿತು, ಎಲ್ಲವೂ ಸಹಜ ಎಂದಿತು. ಎಲ್ಲವೂ ಸಹಜ ಎನ್ನುವವರನ್ನು ನಂಬುವುದು ಹೇಗೆ?

ಸಹಜ ಇಂಗ್ಲಿಷಿನ ಈ ಹುಚ್ಚನ್ನು ನನಗೆ ಹತ್ತಿಸಿದವರು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಅವರು ಇಂಗ್ಲಿಷರನ್ನು ಕಂಡವರಲ್ಲ. ಕೊಳ್ಳೇಗಾಲ ಬಿಟ್ಟರೆ ಮೈಸೂರು, ಮೈಸೂರು ಬಿಟ್ಟರೆ ಕೊಳ್ಳೇಗಾಲ. ಆದರೂ ನಾವು ಏನು ಬರೆದರೂ, ಒಬ್ಬ ಇಂಗ್ಲಿಷಿನವನು ಹೀಗೆ ಹೇಳುತ್ತಾನೇನೋ ಎಂದು ಕೇಳುವರು. ಆ ಇಂಗ್ಲಿಷಿನವನು ಯಾರು, ಎಲ್ಲಿರುತ್ತಾನೆ, ಅವನಿಗೆ ನಮ್ಮ ವಾಕ್ಯಗಳ ಮೇಲೆ ಯಾಕಿಷ್ಟು ಸಿಟ್ಟು ಎಂದು ನನಗೆ ಭಯವಾಗುತ್ತಿತ್ತು. ಅವನು ಕಿಟಕಿಯಾಚೆ ಬೇವಿನ ಮರದ ಕೆಳಗೆ ಟೋಪಿ ಹಾಕಿಕೊಂಡು ನಿಂತಿರುವಂತೆ ಕಲ್ಪಿಸಿಕೊಳ್ಳುತ್ತಿದ್ದೆ. ಈಗಲೂ ಇಂಗ್ಲಿಷ್ ಬರೆಯಲು ಕೂತರೆ ಅವನು ಅಲ್ಲಿ ನಿಂತಿರುತ್ತಾನೆ. ಬೇವಿನ ಮರವಿತ್ತೋ ಹೊಂಗೆಯೋ, ಅದು ಈಗ ನೆನಪಿಲ್ಲ.

ಪದ ಸಿಗದಿದ್ದರೆ ಕ್ರಿಯೆಯನ್ನಾದರೂ ನೆನೆಯೋಣ ಎಂದುಕೊಂಡೆ. ನಮ್ಮವರು ವ್ಯಾಪಾರವನ್ನು ಅಳೆಯುವುದನ್ನು ನಾನು ಕಂಡಿಲ್ಲವೇ? ಅಪ್ಪನ ಜೊತೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗುತ್ತಿದ್ದೆ. ತಟ್ಟೆಗಳಲ್ಲಿ ಗೂಡು ಸುರಿದಿರುತ್ತಿತ್ತು. ಕೊಳ್ಳುವವರು ಬಂದು ರಾಶಿಯೊಳಗೆ ಮೊಣಕೈವರೆಗೆ ಕೈಯಿಟ್ಟು, ಅಡಿಯಿಂದ ಒಂದು ಗೂಡನ್ನು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸುವರು. ಒಳಗೆ ಹುಳು ಲಟಲಟ ಎನ್ನಬೇಕು. ಎಂದರೆ ತಲೆಯಾಡಿಸಿ ಮುಂದಿನ ತಟ್ಟೆಗೆ ಹೋಗುವರು. ಆ ತಲೆಯಾಡಿಸಿದ್ದು ಹೌದೋ ಅಲ್ಲವೋ ಎಂದು ಅಪ್ಪನಿಗೆ ಗೊತ್ತಾಗುತ್ತಿತ್ತು, ನನಗಲ್ಲ. ನಾನೂ ಒಂದನ್ನು ಕಿವಿಗಿಟ್ಟು ಅಲ್ಲಾಡಿಸಿದ್ದೆ. ಹುಳುವಿನ ಸದ್ದು ಕೇಳಿತೋ, ಸುತ್ತಲಿನವರ ಗದ್ದಲವೋ ಹೇಳಲಾರೆ. ಇದನ್ನು ಇಂಗ್ಲಿಷಿಗೆ ತರುವುದು ಹೇಗೆ? ನಿಮ್ಮ ಅಪಾರ್ಚುನಿಟಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದೇವೆ ಎಂದರೆ ಮರದ ಕೆಳಗಿನವನು ಟೋಪಿ ತೆಗೆದು ಬಡಿಯುತ್ತಾನೆ.

ಸೋತು ಅಕ್ಕನಿಗೆ ಫೋನ್ ಮಾಡಿ, ಏನು ಬರೆಯಬೇಕೆಂದು ನೀನೇ ಹೇಳಿಬಿಡು ಎಂದೆ. ಅವಳಿಗೆ ಗೊಂದಲವೇ ಇರಲಿಲ್ಲ. ಅವರ ಕಡೆ ಮಳೆ ಆಯಿತಾ ಕೇಳು, ಮನೆಯಲ್ಲಿ ದೊಡ್ಡವರು ಯಾರಿದ್ದಾರೆ, ಆರೋಗ್ಯವಾಗಿದ್ದಾರಾ ಕೇಳು, ಘಟ್ಟದ ರಸ್ತೆ ಈಗ ಹೇಗಿದೆ ಕೇಳು, ಒಂದು ಸಲ ಬಂದು ಊಟ ಮಾಡಿಕೊಂಡು ಹೋಗಿ ಅಂತ ಬರಿ ಎಂದಳು.

"ಸರಿ. ಬೆಲ್ಲದ ವಿಷಯ?"

"ಮೊದಲ್ನೇ ಸಲಕ್ಕೇ ವ್ಯಾಪಾರ ಎತ್ತಾರೇನ್ಲಾ? ತಾತ ಯಾವತ್ತಾರಾ ಎತ್ತಿದ್ರಾ?"

ತಾತನ ಹೆಸರು ಬಂದ ಮೇಲೆ ನಾನು ಮೆತ್ತಗಾದೆ. ಏಕೆಂದರೆ ಅದು ನನಗೂ ನೆನಪಿತ್ತು. ಲೊಕ್ಕನಹಳ್ಳಿಯಲ್ಲಿ ಅಮ್ಮನ ಅಪ್ಪನ ಮನೆ. ಕಾಡಂಚಿನ ಊರು, ತಾತನ ಹೊಲದ ಬದುವಿನಲ್ಲಿ ಹುಣಸೆಮರಗಳು. ಘಟ್ಟದಾಚೆಯಿಂದ ಹುಣಸೆಹಣ್ಣು ಕೊಳ್ಳುವವರೊಬ್ಬರು ಬರುತ್ತಿದ್ದರು. ಜಗಲಿಯ ಮೇಲೆ ಕೂರುವರು. ಅಜ್ಜಿ ನೀರು, ಬೆಲ್ಲ ತಂದಿಡುವಳು. ಅವರು ತಮಿಳು ಕನ್ನಡ ಕಲಸಿ ಮರಗಳ ಬಗ್ಗೆ ಏನೇನೋ ಹೇಳುವರು. ತಾತ ಗೋಡೆಗೊರಗಿ, ಕಣ್ಣು ಅರ್ಧ ಮುಚ್ಚಿ, ಏನೂ ಉತ್ತರ ಕೊಡದೆ, ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, ನಿಮ್ಮ ಕಡೆ ಮಳೆ ಹೆಂಗೆ ಎನ್ನುವರು. ಬಂದವರು ಮೆಲ್ಲಗೆ ಎದ್ದು ಹೋಗುವರು. ಆಮೇಲೆ ಇನ್ನೊಂದು ಸಲ ಬರುವರು. ಆ ಇನ್ನೊಂದು ಸಲದಲ್ಲೇ ಮಾತು ನಡೆಯುತ್ತಿತ್ತು. ಮೊದಲ ಸಲವೇ ಅವಸರ ಮಾಡುವವನನ್ನು ನಂಬಬಾರದು, ಕಾರಣವಿಲ್ಲದೆ ಮತ್ತೆ ಬಂದವನನ್ನು ಮಾತ್ರ ನಂಬಬೇಕು. ಇದು ತಾತನ ಶಾಸ್ತ್ರ ಎಂದು ನಾನು ಮೈಸೂರಿನಲ್ಲಿ ಗೆಳೆಯರ ಮುಂದೆ ವಿವರಿಸಿ ಮೆಚ್ಚುಗೆ ಗಳಿಸಿದ್ದುಂಟು.

ಆದರೂ ಮೇಲ್ ಎಂದರೆ ಜಗಲಿಯಲ್ಲವಲ್ಲ. ನಾನು ಒಂದು ರಾಜಿ ಮಾಡಿದೆ. ಇಂಗ್ಲಿಷಿನವರೂ ಕಾಗದದ ಮೊದಲಿಗೆ, ನೀವು ಕ್ಷೇಮವೆಂದು ಭಾವಿಸುತ್ತೇನೆ ಎಂಬರ್ಥದ ಒಂದು ಗೆರೆ ಬರೆದು, ನಂತರ ವಿಷಯಕ್ಕೆ ಬರುತ್ತಾರೆ, ಹಾಗೆ ಮಾಡೋಣ ಎಂದೆ.

"ಒಂದೇ ಗೆರೆನಾ?" ಎಂದಳು ಅಕ್ಕ. "ಬಾಗ್ಲಲ್ಲೇ ನಿಂತ್ಕಂಡು, ಚಪ್ಲೀನೂ ಬುಡ್ದೆ ಕೇಳ್ದಂಗಾಯ್ತದೆ."

ಕೊನೆಗೆ ಅವಳು ಹೇಳಿದ್ದನ್ನೇ ಬರೆದೆ. ಮಳೆ, ದೊಡ್ಡವರು, ರಸ್ತೆ, ಊಟ. ಒಂದು ಕಂಪನಿಗೆ ಕಳಿಸುವ ಉತ್ತರದಲ್ಲಿ ವ್ಯಾಪಾರದ ಒಂದು ಅಕ್ಷರವೂ ಇಲ್ಲ. ಕಳಿಸುವ ಗುಂಡಿ ಒತ್ತುವಾಗ, ಇಂಥ ಕಾಗದ ಬರೆಯುವವರು ನಮ್ಮ ಮೂರು ತಾಲ್ಲೂಕು ಬಿಟ್ಟು ಬೇರೆಲ್ಲೂ ಇರಲಾರರು ಎನ್ನಿಸಿತು.

ಉತ್ತರ ಬರಲಿಲ್ಲ. ಒಂದು ಸೋಮವಾರ ಕಳೆಯಿತು. ಮುಳ್ಳೂರಿನವರ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು, ನಮ್ಮ ಪುಣ್ಯ. ಅಕ್ಕ ಬಾಯಿ ಬಿಟ್ಟು ಏನೂ ಕೇಳುತ್ತಿರಲಿಲ್ಲ. ಆದರೆ ನಾನು ಫೋನ್ ಮಾಡಿದಾಗ ಮೊದಲನೇ ರಿಂಗಿಗೇ ಎತ್ತುತ್ತಿದ್ದಳು. ನನಗೆ ಸಂಕಟ ಶುರುವಾಯಿತು. ತಾತನ ಶಾಸ್ತ್ರವನ್ನಾದರೂ ಇನ್ನೊಮ್ಮೆ ಖಚಿತ ಮಾಡಿಕೊಳ್ಳೋಣವೆಂದು ಲೊಕ್ಕನಹಳ್ಳಿಯ ಮಾವನಿಗೆ ಫೋನ್ ಹಚ್ಚಿದೆ. ಕಾಡುಹಂದಿ ಜೋಳಕ್ಕೆ ಬಿದ್ದದ್ದು, ಎಮ್ಮೆ ಕರು ಹಾಕಿದ್ದು ಎಲ್ಲ ಆದ ಮೇಲೆ ವಿಷಯಕ್ಕೆ ಬಂದೆ. ಹುಣಸೆಹಣ್ಣಿನವರು ಬಂದಾಗ ತಾತ ಮೊದಲ ಸಲ ವ್ಯಾಪಾರದ ಮಾತೇ ಆಡುತ್ತಿರಲಿಲ್ಲವಲ್ಲ ಮಾವ, ಅದು ಯಾಕೆ?

ಮಾವ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಸಿದರು. ಆಮೇಲೆ ನಗತೊಡಗಿದರು.

"ಲೇ ಅಳೀಮಯ್ಯ, ಅಪ್ಪನಿಗೆ ಕಿವಿ ಕೇಳ್ತಿರ್ನಿಲ್ಲ ಕಣ್ಲಾ. ಎಡ್ಗಿವಿ ಪೂರಾ ಓಗಿತ್ತು, ಬಲ್ಗಿವಿ ಅರ್ಧ. ಆ ವಯ್ಯ ಯಾವಾಗ್ಲೂ ಎಡಕ್ಕೇ ಕೂರ್ತಿದ್ದ."

"ಮತ್ತೆ ಇನ್ನೊಂದು ಸಲಕ್ಕೆ ವ್ಯಾಪಾರ ಆಗ್ತಿತ್ತಲ್ಲ?"

"ಎಲ್ಡನೇ ಸಲ ಅವ್ವನ್ ಕೇಳಿ ಮುಗಿಸ್ಕಂಡು ಓಯ್ತಿದ್ದ. ನಿಂಗೊತ್ತಿಲ್ವಾ?"

ಗೊತ್ತಿರಲಿಲ್ಲ. ತಾತನಿಗೆ ಕಿವುಡಿದ್ದದ್ದು ಗೊತ್ತಿತ್ತು. ಆದರೆ ಅದು ಕೊನೆಗಾಲದಲ್ಲಿ ಬಂದದ್ದು ಎಂದುಕೊಂಡಿದ್ದೆ. ನಾನು ನೋಡಿದ್ದೇ ಕೊನೆಗಾಲವೇನೋ. ಅಥವಾ ಮಾವನೇ ತಪ್ಪು ಹೇಳುತ್ತಿದ್ದಾರೋ. ಮಾವನಿಗೆ ತಾತನ ಮೇಲೆ ಒಂದು ಹಳೆಯ ಮುನಿಸು ಇತ್ತೆಂದು ಅಮ್ಮ ಹೇಳುತ್ತಿದ್ದಳು. ಅಮ್ಮ ಹೇಳುತ್ತಿದ್ದಳೋ ಅಥವಾ ನಾನೇ ಊಹಿಸಿದೆನೋ. ಹೀಗೆ ಒಂದು ಎಳೆ ಎಳೆದರೆ ಕಂಬಳಿಯೇ ಬಿಚ್ಚಿಕೊಂಡು ಬರುತ್ತದೆ. ನನಗೆ ಕಂಡದ್ದು ಇಷ್ಟು: ಮುದುಕರೊಬ್ಬರ ಕಿವಿ ಮಂದವಾದದ್ದನ್ನು ನಾನು ಶಾಸ್ತ್ರವೆಂದು ತಿಳಿದು, ಅದರ ಆಧಾರದ ಮೇಲೆ ಒಂದು ಕಂಪನಿಗೆ ಮಳೆಯ ಬಗ್ಗೆ ಕಾಗದ ಬರೆದಿದ್ದೇನೆ, ಅಕ್ಕನ ಗಾಣವನ್ನು ಟ್ರ್ಯಾಕ್ಟರ್ ಹತ್ತಿಸಲಿದ್ದೇನೆ.

ಹೊನ್ನೂರಿಗೆ ಓಡಿದೆ. ಯಳಂದೂರಿನಲ್ಲಿ ಬಸ್ಸಿಗೆ ಕಾಯಲಾಗದೆ ಆಟೋ ಹತ್ತಿದೆ. ಅಕ್ಕನಿಗೆ ಎಲ್ಲವನ್ನೂ ಹೇಳಿ, ಈಗಲೇ ಇನ್ನೊಂದು ಮೇಲ್ ಕಳಿಸೋಣ, ವಿಷಯ ನೇರವಾಗಿ ಹೇಳಿಬಿಡೋಣ, ತಾತನಿಗೆ ಕಿವಿಯೇ ಕೇಳುತ್ತಿರಲಿಲ್ಲವಂತೆ ಎಂದೆ.

ಅಕ್ಕ ಆಶ್ಚರ್ಯಪಡಲಿಲ್ಲ. ಗೊತ್ತಿತ್ತೋ ಇಲ್ಲವೋ ತೋರಿಸಿಕೊಳ್ಳಲೂ ಇಲ್ಲ.

"ಕೇಳ್ದೇ ಇದ್ರೇನು? ಬೇಕಾಗಿದ್ದೋರು ತಿರುಗಿ ಬತ್ತಿದ್ರಲ್ಲ," ಎಂದಳು.

ತತ್ವಶಾಸ್ತ್ರದಲ್ಲಿ ಇಂಥ ವಾದಕ್ಕೊಂದು ಹೆಸರಿದೆ, ಆದರೆ ಅದು ನೆನಪಿಗೆ ಬರುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು.

ಇನ್ನೊಂದು ಮೇಲ್ ಕಳಿಸಲಿಲ್ಲ. ಎರಡು ದಿನದಲ್ಲಿ ಮೊದಲಿನದಕ್ಕೇ ಉತ್ತರ ಬಂತು. ನಮ್ಮ ಕಡೆಯೂ ಮಳೆ ಆಗಿದೆ. ಮನೆಯಲ್ಲಿ ಅಜ್ಜಿ ಇದ್ದಾರೆ, ಮಂಡಿನೋವು ಬಿಟ್ಟರೆ ಆರೋಗ್ಯ. ಘಟ್ಟದ ರಸ್ತೆ ಒಂದು ತಿರುವಿನಲ್ಲಿ ಕುಸಿದಿತ್ತು, ಅದು ಸರಿಯಾಗಲೆಂದು ಕಾಯುತ್ತಿದ್ದೆ. ಗುರುವಾರ ಊಟಕ್ಕೆ ಬರುತ್ತೇನೆ. ಪೂಂಗೊಡಿ. ಅಷ್ಟೇ. ಅಪಾರ್ಚುನಿಟಿಯ ಸುಳಿವೂ ಇಲ್ಲ. ಇದು ಸಹಜವಾದ ಇಂಗ್ಲಿಷೇ? ಮರದ ಕೆಳಗಿನವನನ್ನು ನೋಡಿದೆ. ಅವನಿಗೂ ಗೊಂದಲವಾದಂತಿತ್ತು.

ಗುರುವಾರ ಅವರು ಹನೂರಿನ ಮೇಲೆ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಬಂದು ಇಳಿದರು. ಮೂವತ್ತರ ಆಸುಪಾಸಿನ ಹೆಂಗಸು, ಕಾಟನ್ ಸೀರೆ, ಹೆಗಲಿಗೆ ಒಂದು ಚೀಲ, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. ನಾನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಇಂಗ್ಲಿಷನ್ನು ಹೊರತೆಗೆಯುವ ಮೊದಲೇ, ಅವರು ನಿಧಾನವಾದ ಕನ್ನಡದಲ್ಲಿ, ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೋಳಿ ಇತ್ತು ಸಾರ್, ಪಾಪ, ಅದಕ್ಕೂ ವಾಂತಿ ಎಂದರು.

ಹೊನ್ನೂರಿನಲ್ಲಿ ನಡೆದದ್ದನ್ನು ನಾನು ಸರಿಯಾಗಿ ಹೇಳಲಾರೆ, ಏಕೆಂದರೆ ಏನೂ ನಡೆಯಲಿಲ್ಲ. ಅಕ್ಕ ಮುದ್ದೆ, ಉಪ್ಸಾರು ಮಾಡಿದ್ದಳು. ಬಂದವಳು ಊಟ ಕಟ್ಟಿಕೊಂಡು ಬಂದಿದ್ದಾಳೆ ಎಂದು ಮೊದಲು ಸ್ವಲ್ಪ ಮುಖ ಸಿಂಡರಿಸಿದಳು. ಆಮೇಲೆ ಡಬ್ಬಿ ಬಿಚ್ಚಿಸಿ ಅದರಲ್ಲಿದ್ದ ಹುಳಿಯನ್ನವನ್ನು ತಾನು ಬಡಿಸಿಕೊಂಡು, ತನ್ನ ಮುದ್ದೆಯನ್ನು ಅವರ ತಟ್ಟೆಗೆ ಹಾಕಿದಳು. ಅಕ್ಕನಿಗೆ ಲೊಕ್ಕನಹಳ್ಳಿಯ ತಮಿಳು ಬರುತ್ತದೆ, ಅವರಿಗೆ ಘಟ್ಟದ ಕನ್ನಡ ಬರುತ್ತದೆ. ಇಬ್ಬರೂ ಎದುರುಬದುರು ಕೂತು ಮಂಡಿನೋವಿಗೆ ಯಾವ ಎಣ್ಣೆ, ಮುದ್ದೆ ಗಂಟಾಗದಂತೆ ತಿರುವುವುದು ಹೇಗೆ, ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದೆ ಎಂದು ಮಾತಾಡಿದರು. ನಾನು ಅಲ್ಲಲ್ಲಿ ಸಂದು ಹುಡುಕುತ್ತಿದ್ದೆ. ಒಮ್ಮೆ ಗಂಟಲು ಸರಿಮಾಡಿಕೊಂಡು, ಅಂದಹಾಗೆ ಆ ಮೇಲ್ ವಿಚಾರ ಎನ್ನುವಷ್ಟರಲ್ಲಿ ಅಕ್ಕ ನನ್ನ ಕೈಗೆ ಬಿಂದಿಗೆ ಕೊಟ್ಟು ನೀರು ತಾ ಎಂದಳು. ನೀರು ತರುವಷ್ಟರಲ್ಲಿ ಇಬ್ಬರೂ ಆಲೆಮನೆಯಲ್ಲಿದ್ದರು.

ಅಲ್ಲಿ ಒಲೆ ತಣ್ಣಗಿತ್ತು. ಪೂಂಗೊಡಿ ಕೊಪ್ಪರಿಗೆಯ ಅಂಚನ್ನು ಸವರಿ ನೋಡಿದರು. ಗಾಣದ ಹತ್ತಿರ ನಿಂತರು. ಮೇಲಿನ ಸೀರೆ ಒಂದು ಕಡೆ ಜಾರಿತ್ತು. ಅವರು ಅದನ್ನು ಎತ್ತಿ ಸರಿಯಾಗಿ ಹೊದಿಸಿದರು. ಯಾಕೆ ಹೊದಿಸಿದ್ದೀರಿ ಎಂದು ಕೇಳಲಿಲ್ಲ. ಅಕ್ಕ ಹೇಳಲೂ ಇಲ್ಲ. ಟ್ರ್ಯಾಕ್ಟರ್ ರಿಪೇರಿಯಾಗಿದೆ, ಸೋಮವಾರ ಬರುತ್ತದೆ ಎಂದು ನನ್ನ ನಾಲಿಗೆಯ ತುದಿಗೆ ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡೆ.

ಸಂಜೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ, ಅವರನ್ನು ಬಸ್ ಹತ್ತಿಸುವಾಗ, ನನಗೆ ತಡೆಯಲಾಗಲಿಲ್ಲ. ಮೇಡಂ, ಅಪಾರ್ಚುನಿಟಿಯನ್ನು ಏನು ಮಾಡಿದಿರಿ ಎಂದು ಕೇಳಿಯೇಬಿಟ್ಟೆ.

"ನಾನು ಊಟಕ್ಕೆ ಬಂದವಳು ಸಾರ್," ಎಂದರು ಪೂಂಗೊಡಿ, ಕಿಟಕಿಯಿಂದ. ಬಸ್ ಹೊರಟಿತು.

ಆಗ ನನಗೆ ಹೊಳೆದದ್ದು ಭಯಂಕರವಾಗಿತ್ತು. ಅವರದೂ ನಮ್ಮಂಥದೇ ಮನೆ. ಅಲ್ಲಿಯೂ ಒಬ್ಬ ಅಜ್ಜಿ ಇದ್ದಾಳೆ, ಅಲ್ಲಿಯೂ ಮೊದಲ ಸಲ ವ್ಯಾಪಾರ ಎತ್ತಬಾರದು. ಮೇಲ್ ಬರೆದದ್ದು ಕಂಪನಿ, ಬಂದದ್ದು ಪೂಂಗೊಡಿ. ಈಗ ಇಬ್ಬರೂ ಮರ್ಯಾದೆಯಿಂದ ಒಬ್ಬರಿಗಾಗಿ ಒಬ್ಬರು ಕಾಯುತ್ತಾರೆ, ನಡುವೆ ಸೋಮವಾರ ಬರುತ್ತದೆ, ಮುಳ್ಳೂರಿನವರಿಗೆ ಇಂಥ ಯಾವ ಸಂಕೋಚವೂ ಇಲ್ಲ.

ಮನೆ ಸೇರುವಷ್ಟರಲ್ಲಿ ಅಕ್ಕನ ಫೋನ್. ಆ ಹೆಣ್ಣುಮಗಳು ಡಬ್ಬಿ ಬಿಟ್ಟುಹೋಗಿದ್ದಾಳೆ ಎಂದಳು. ತೊಳೆದು ಬೋರಲು ಹಾಕಿದ್ದನ್ನು ಇಬ್ಬರೂ ಮರೆತಿದ್ದರು. ಕೊರಿಯರ್‌ನಲ್ಲಿ ಕಳಿಸಿಬಿಡುತ್ತೇನೆ, ಹಾಗೇ ಅದರ ಜೊತೆ ಒಂದು ಕಾಗದದಲ್ಲಿ ವಿಷಯವನ್ನೂ ಕೇಳಿಬಿಡೋಣ ಎಂದೆ.

"ಬ್ಯಾಡ ಬುಡು. ಡಬ್ಬಿ ನಮ್ಮತ್ರ ಅದೆ ಅಂತ ಬರಿ. ಅಷ್ಟೇ."

"ಅಷ್ಟೇನಾ?"

"ಅಷ್ಟೇ ಅಂದ್ನಲ್ಲ."

ಬರೆದೆ. ಯುವರ್ ಬಾಕ್ಸ್ ಈಸ್ ವಿತ್ ಅಸ್. ಬರೆದು ನೋಡಿದರೆ, ಎಲ್ಲಿಯೂ ತಿದ್ದುವಂತಿರಲಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಬರೆದ ಮೊದಲ ಸಹಜ ಇಂಗ್ಲಿಷ್ ವಾಕ್ಯ ಇದೇ ಇರಬೇಕು. ಮರದ ಕೆಳಗೆ ನೋಡಿದೆ, ಟೋಪಿಯವನು ಕಾಣಲಿಲ್ಲ.

ಭಾನುವಾರ ಉತ್ತರ ಬಂತು. ಡಬ್ಬಿ ಅಲ್ಲೇ ಇರಲಿ. ನೀವು ಬೆಲ್ಲ ಕಾಯಿಸುವ ದಿನ ಬಂದು ತೆಗೆದುಕೊಳ್ಳುತ್ತೇನೆ.

ನಾನದನ್ನು ಅಕ್ಕನಿಗೆ ಓದಿ ಹೇಳಿದೆ. ಅವಳು ಇನ್ನೊಂದು ಸಲ ಓದಿಸಿದಳು. ಆಮೇಲೆ ನನ್ನನ್ನು ಫೋನಿನಲ್ಲಿ ಹಾಗೆಯೇ ಕಾಯಿಸಿ, ಭಾವನ ಫೋನಿನಿಂದ ಮುಳ್ಳೂರಿಗೆ ಮಾತಾಡಿದಳು. ನನಗೆ ಈ ಕಡೆಯಿಂದ ಎಲ್ಲವೂ ಕೇಳುತ್ತಿತ್ತು. "ನಾಳಿಕ್ ಬರ್ಬೇಡಿ ಕಣ್ರಿ. ಗಾಣ ಕೊಡಾಕಿಲ್ಲ," ಎಂದಳು. ಆಚೆಯವರು ಏನೋ ಕೇಳಿರಬೇಕು. "ಡಬ್ಬಿ ತಕಂಡೋಗಾಕೆ ಬತ್ತಾರೆ," ಎಂದಳು. ಮುಳ್ಳೂರಿನವರಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ.

ನನಗೆ ತಲೆ ಕೆಟ್ಟಿತು. ಅಕ್ಕ, ಅವರು ಕೊಳ್ಳುತ್ತೇನೆ ಎಂದಿಲ್ಲ, ನೀನು ಕೊಡುತ್ತೇನೆ ಎಂದಿಲ್ಲ, ಬೆಲೆಯಿಲ್ಲ, ಒಪ್ಪಂದವಿಲ್ಲ, ಯಾವ ಧೈರ್ಯದ ಮೇಲೆ ಮುಳ್ಳೂರಿನವರನ್ನು ಬೇಡವೆಂದೆ ಎಂದು ಕೂಗಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ನಿಮ್ಮ ಕಡೆ ಮಳೆ ಬಂತಾ ಎಂದಳು. ತಾತನ ಧಾಟಿಯಲ್ಲೇ ಕೇಳಿದಳು. ನನಗೆ ಫಕ್ಕನೆ ಅನುಮಾನ ಬಂತು. ಅಕ್ಕನಿಗ್ಯಾವಾಗ ಕಿವಿ ಹೋಯಿತು?

ಬೆಲ್ಲ ಕಾಯಿಸಿದ ದಿನ ಪೂಂಗೊಡಿ ಬಂದರು. ಇದು ಎರಡನೇ ಸಲವಾದ್ದರಿಂದ, ಕೊಪ್ಪರಿಗೆಯಲ್ಲಿ ನೊರೆ ಉಕ್ಕಿ ಇಳಿಯುವುದರೊಳಗೆ ವ್ಯಾಪಾರ ಮುಗಿಯಿತು. ಯಾವ ಅಳತೆಯ ಅಚ್ಚು, ಯಾರು ಸಾಗಿಸುವುದು, ಬೆಲೆ ಏನು ಎಂದು ಇಬ್ಬರೂ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಖಡಾಖಂಡಿತವಾಗಿ ಮಾತಾಡಿದರು. ಒಂದೆರಡು ಕಡೆ ಜಗಳವೇ ಆಯಿತೆನ್ನಿ. ನಾನು ಬಾಳೆಲೆಯ ಚೂರಿನಲ್ಲಿ ಬಿಸಿ ಬೆಲ್ಲ ತಿನ್ನುತ್ತ ನಿಂತಿದ್ದೆ. ನಾಲಿಗೆ ಸುಟ್ಟುಕೊಂಡೆ. ಗಾಣದ ಮೇಲಿದ್ದ ಸೀರೆ ಬೇಲಿಯ ಮೇಲೆ ಒಣಗುತ್ತಿತ್ತು.

ಕಂಡವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಅಕ್ಕ ಡಬ್ಬಿಯ ತುಂಬ ಬೆಲ್ಲ ತುಂಬಿ ಕೊಟ್ಟಳು. ಅವರಲ್ಲಿಯೂ ಆ ಪದ್ಧತಿ ಇಲ್ಲವೆಂದು ಕಾಣುತ್ತದೆ; ಪೂಂಗೊಡಿ ಇನ್ನೊಂದು ಡಬ್ಬಿಯಲ್ಲಿ ಅಜ್ಜಿ ಮಾಡಿದ ಮುರುಕು ತಂದಿದ್ದರು, ಅದನ್ನು ಇಟ್ಟು ಇದನ್ನು ಒಯ್ದರು. ಅಂದಿನಿಂದ ಹೀಗೇ ನಡೆದಿದೆ. ಒಂದು ಡಬ್ಬಿ ಯಾವಾಗಲೂ ಹೊನ್ನೂರಿನಲ್ಲಿ, ಒಂದು ಅಲ್ಲಿ. ಈಗ ಗೂಡಿನಲ್ಲಿರುವುದು ಮೊದಲನೆಯದೋ ಎರಡನೆಯದೋ ನನಗೆ ಗೊತ್ತಾಗುವುದಿಲ್ಲ. ಎರಡರ ಮುಚ್ಚಳದ ಮೇಲೂ ಅದೇ ಹೆಸರು. ಇನ್ನೊಂದು ಅನುಮಾನವೂ ಇದೆ. ಅವತ್ತು ಅವರು ಡಬ್ಬಿಯನ್ನು ಮರೆತರೋ, ಬಿಟ್ಟರೋ? ಅಕ್ಕನನ್ನು ಕೇಳಿದರೆ, ಅದನ್ನೆಲ್ಲ ಕೇಳುತ್ತಾರೇನೋ ಎನ್ನುತ್ತಾಳೆ. ಮೊನ್ನೆಯಿಂದ ತಾತನ ಜಗಲಿಯ ಗೂಟದಲ್ಲಿ ವರ್ಷಗಟ್ಟಲೆ ನೇತಾಡುತ್ತಿದ್ದ ಒಂದು ಕಪ್ಪು ಕೊಡೆ ನೆನಪಿಗೆ ಬರತೊಡಗಿದೆ. ಅದು ಹುಣಸೆಹಣ್ಣಿನವರದೇ ಎಂದು ನನಗೆ ಖಾತ್ರಿಯಾಗಿ, ಮಾವನಿಗೆ ಫೋನ್ ಮಾಡಿದೆ. ಅಂಥ ಕೊಡೆಯೇ ಇರಲಿಲ್ಲ ಎಂದರು.

ಇನ್ನು ಇಂಗ್ಲಿಷಿನ ಕಥೆ. ಅವತ್ತು ಹೊರಡುವಾಗ ಪೂಂಗೊಡಿ ನನ್ನ ಕಡೆ ತಿರುಗಿ, ಆಫೀಸಿಗೆ ಒಂದು ಮೇಲ್ ಬೇಕು ಸಾರ್, ನಮ್ಮ ಪ್ರಪೋಸಲನ್ನು ನೀವು ಯೋಚಿಸಿ ಒಪ್ಪಿದ್ದೀರಿ ಅಂತ, ಸುಮ್ಮನೆ ಫೈಲಿಗೆ ಎಂದರು. ಅಕ್ಕ ಕೊಪ್ಪರಿಗೆ ಕೆರೆಯುತ್ತ, ತಲೆ ಎತ್ತದೆ, "ಅದ್ಕೆ ಇವ್ನವ್ನೆ ಬುಡು. ಏನಾರಾ ಬರೀತಾನೆ," ಎಂದಳು.

ಏನಾದರೂ ಬರೆಯಬಹುದು ಎಂದ ಮೇಲೆ ಬರೆಯುವುದು ಇನ್ನೂ ಕಷ್ಟ. ಮತ್ತೆ ಮಹಡಿಯ ಮೇಲೆ ಕೂತೆ. ಕನ್ಸಿಡರ್, ಅಸೆಸ್, ವೇ, ಎಲ್ಲ ಸಾಲಾಗಿ ಬಂದು ನಿಂತವು. ಬಹಳ ಹೊತ್ತು ಯೋಚಿಸಿ, ವಿ ಹ್ಯಾವ್ ಕೇರ್‌ಫುಲಿ ಇವ್ಯಾಲ್ಯುಯೇಟೆಡ್ ದ ಅಪಾರ್ಚುನಿಟಿ ಎಂದು, ಅವರ ಪದಗಳನ್ನೇ ಅವರಿಗೆ ತಿರುಗಿಸಿ ಕಳಿಸಿದೆ. ಬರಿದಾಗಿ ಹಿಂದಿರುಗಿಸಿದ ಪಾತ್ರೆಯಂತಿತ್ತು. ಕೆಳಗೆ ಇನ್ನೇನಾದರೂ ಸೇರಿಸಬೇಕಿತ್ತೇನೋ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. ಮೇಲಿನ ಗೆರೆಯಲ್ಲಿ ನೋಟೆಡ್, ಥ್ಯಾಂಕ್ಸ್ ಎಂದಿತ್ತು. ಕೆಳಗಿನ ಗೆರೆಯಲ್ಲಿ, ನಿಮ್ಮ ಕಡೆ ಮಳೆ ಬಂತಾ ಎಂದಿತ್ತು.

ಎದ್ದು ಹೊರಗೆ ಬಂದೆ. ಹನೂರಿನ ಕಡೆ ಕಪ್ಪಗಿತ್ತು, ಯಳಂದೂರಿನ ಕಡೆ ಬಿಸಿಲು. ಏನೆಂದು ಬರೆಯಲಿ? ಅಕ್ಕನಿಗೆ ಫೋನ್ ಮಾಡಿದೆ.